ಉಗುರಗಲದ ಮುಖ

“ಅಳಿಸ್ಬುಡಿ ಅಕ್ಕ. ನೀವೇ ಅಳಿಸ್ಬುಡಿ, ನನ್ ಕೈಲಾಗಕ್ಕಿಲ್ಲ,” ಎಂದು ರವಿಚಂದ್ರ ಮೊಬೈಲನ್ನು ಕೌಂಟರಿನ ಗಾಜಿನ ಮೇಲೆ ಕುಸುಮಳ ಕಡೆಗೆ ದೂಡಿ ರಸ್ತೆಯತ್ತ ಮುಖ ತಿರುಗಿಸಿಕೊಂಡ. ಮಳವಳ್ಳಿ ಬಸ್ ನಿಲ್ದಾಣದ ಎದುರಿಗಿದ್ದ ಆ ಫ್ಲೆಕ್ಸ್ ಅಂಗಡಿಗೆ ಬಸ್ಸಿನ ಹೊಗೆ, ಕಂಡಕ್ಟರುಗಳ ಕೂಗು ಎರಡೂ ಹೇಳದೆ ಕೇಳದೆ ಬಂದು ಕೂರುತ್ತಿದ್ದವು. ಆ ಗಲಾಟೆಯಲ್ಲಿ ಅವನು ಅಳುತ್ತಿದ್ದಾನೋ ಮೂಗು ಸೀಟುತ್ತಿದ್ದಾನೋ ತಿಳಿಯುವಂತಿರಲಿಲ್ಲ.

ಕುಸುಮ ಆ ಫೋಟೊವನ್ನು ಆಗಲೇ ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಆದರೂ ಅಳಿಸಲು ಬೆರಳು ಮುಂದಾಗಲಿಲ್ಲ. “ಕೆಲ್ಸ ಮುಗಿಯೋಗಂಟ ನಿಮ್ ತಾವೂ ಒಂದಿರ್ಲಿ ಸಾರ್,” ಎಂದಳು.

“ಬ್ಯಾಡ. ನಮ್ ಮನೆಯವಳು ದಿನಾ ನನ್ ಮೊಬೈಲ್ ಎತ್ಕೊಂಡು ಹುಡುಕ್ತಾಳೆ. ನಾನು ಕದ್ದುಮುಚ್ಚಿ ಒಂದಾದ್ರೂ ಫೋಟೊ ತೆಗ್ದಿದ್ದೀನೇನೋ ಅಂತ. ಇಷ್ಟ್ ದಿನ ಎಂಗೋ ಬಚ್ಚಿಟ್ಟಿದ್ದೆ. ಇದು ಕಣ್ಣಿಗೆ ಬಿದ್ರೆ ಅವಳು ಉಳಿಯಕ್ಕಿಲ್ಲ.”

ಕುಸುಮ ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಬುಟ್ಟಿಯನ್ನೂ ಹುಡುಕಿ ಅಲ್ಲಿಂದಲೂ ತೆಗೆದಳು. ಫೋಟೊದಲ್ಲಿ ಬಿಳಿ ಟವೆಲಿನಲ್ಲಿ ಸುತ್ತಿದ ಹೆಣ್ಣು ಕೂಸಿತ್ತು. ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು. ಕಣ್ಣು ಮುಚ್ಚಿತ್ತು. ನಿದ್ದೆ ಮಾಡುವ ಕೂಸಲ್ಲ ಎಂದು ಗೊತ್ತಾಗಲು ಕುಸುಮಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ಮುಚ್ಚಿದ ಕಣ್ಣುಗಳನ್ನು ನೋಡಿದವಳು ಅವಳು.

ರವಿಚಂದ್ರ ಹಲಗೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಗ್ರಹಣದ ಹೊತ್ತಿನಲ್ಲಿ ಶಾಲೆಯ ಜಗಲಿಯ ಮೇಲೆ ಕೂತು ಮಕ್ಕಳೆದುರಿಗೆ ಊಟ ಮಾಡಿ ತೋರಿಸಿದವನು. ಆದರೆ ಹೆಂಡತಿ ಶಶಿರೇಖಾಳಿಗೆ ಮೊದಲ ಎರಡು ಬಸಿರೂ ನಿಂತಿರಲಿಲ್ಲ. ಮೂರನೆಯದು ಕೈಗೆ ಬಂದಾಗ ಅವನ ತಾಯಿ ಮಂಚಮ್ಮ, ಹೆಸರಿಡುವ ತನಕ ಕೂಸಿನ ಕಡೆಗೆ ಯಾರೂ ಮೊಬೈಲ್ ಎತ್ತಕೂಡದು, ಊರ ಕಣ್ಣೆಲ್ಲ ಬೀಳುತ್ತದೆ ಎಂದು ಕಟ್ಟಪ್ಪಣೆ ಮಾಡಿದ್ದಳು. ಎರಡು ಸಲ ಸೋತ ಮನೆಯಲ್ಲಿ ವಿಜ್ಞಾನ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತದೆ. ಮೇಷ್ಟ್ರೂ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ. ಮೂರನೇ ತಿಂಗಳಿಗೆ ಹೆಸರಿಟ್ಟು ಮನಸಾರೆ ತೆಗೆಯೋಣ ಎಂದುಕೊಂಡಿದ್ದರು. ಅಷ್ಟರಲ್ಲಿ ಒಂದು ಬೆಳಗ್ಗೆ ಹಾಲು ನೆತ್ತಿಗೆ ಹತ್ತಿ, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹೂಳಲು ಒಯ್ಯುವ ಮುಂಚೆ, ಕೋಣೆಯಲ್ಲಿ ಯಾರೂ ಇಲ್ಲದ ಗಳಿಗೆ ನೋಡಿ ತೆಗೆದ ಒಂದೇ ಒಂದು ಫೋಟೊ ಇದು.

“ಕಣ್ ತೆಗ್ಸಿಕೊಡ್ತೀರಂತಲ್ಲ,” ಎಂದ.

“ಕೊಡ್ತೀನಿ. ಕೂಸಿಗೆ ಯಾರ ಕಣ್ಣು?”

“ಅವ್ರಮ್ಮನ ಕಣ್ಣು. ಎಲ್ಲಾರೂ ಅಂಗೇ ಅನ್ನೋರು.”

“ಅವರದೊಂದು ಚೆನ್ನಾಗಿರೋ ಫೋಟೊ ಕಳಿಸಿ. ಕೆಳಗೆ ಹೆಸ್ರು ಏನಂತ ಹಾಕ್ಲಿ?”

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. “ಇಟ್ಟಿರ್ಲಿಲ್ಲ,” ಎಂದ. ಆಮೇಲೆ ಹೊರಡುವಾಗ ಮತ್ತೆ ಹಿಂತಿರುಗಿದ. “ಭಾನುವಾರ ಅವಳನ್ನೂ ಕರ್ಕೊಂಡ್ ಬತ್ತೀನಿ ಅಕ್ಕ. ಅವತ್ತಿಂದ ಒಂದು ಮಾತಾಡಿಲ್ಲ, ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಮೊಬೈಲು ನೋಡ್ತಾಳೆ, ಮಡಗ್ತಾಳೆ, ಅಷ್ಟೇಯ. ಇದ ನೋಡಿ ಅತ್ತಾದ್ರೂ ಅತ್ತಾಳು.”

ಅಂಗಡಿಯಲ್ಲಿ ಈ ಕೆಲಸಕ್ಕೆ ಕಣ್ಣು ಕೂರಿಸುವುದು ಎನ್ನುತ್ತಿದ್ದರು. ಬದುಕಿರುವ ತನಕ ಒಂದು ಫೋಟೊಗೂ ನಿಲ್ಲದ ಮುದುಕಿಯರು ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದರು. ಸತ್ತ ಮೇಲೆ ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಹೂವು ಮುಡಿಸಿ ತೆಗೆದ ಫೋಟೊ ಹಿಡಿದು ಮಕ್ಕಳು ಬರುತ್ತಿದ್ದರು. ಕುಸುಮ ಮಗನದೋ ಮಗಳದೋ ಕಣ್ಣು ತೆಗೆದು, ಸುತ್ತ ಸುಕ್ಕು ಬರೆದು, ಮುದುಕಿಯ ಮುಖದಲ್ಲಿ ಕೂರಿಸಿಕೊಡುತ್ತಿದ್ದಳು. ಮನೆಯ ಗೋಡೆಯ ಮೇಲಿಂದ ಮುದುಕಿ ಸೊಸೆಯನ್ನು ಮತ್ತೆ ದುರುಗುಟ್ಟಿ ನೋಡತೊಡಗುತ್ತಿದ್ದಳು. ಈಗ ಎಲ್ಲರಿಗೂ ಆಧಾರ್ ಕಾರ್ಡಿದೆ. ಅದರಲ್ಲಿ ಬದುಕಿರುವವರೇ ಸತ್ತವರ ಹಾಗೆ ಕಾಣುವುದರಿಂದ ಅವಳಿಗೆ ಕೆಲಸವೇನೂ ಕಡಿಮೆಯಾಗಿಲ್ಲ. ಮಿಕ್ಕ ಹೊತ್ತಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿಯ ಫ್ಲೆಕ್ಸು. ಎರಡಕ್ಕೂ ಕೆಳಗಿನ ಸಾಲಿನ ತಲೆಗಳು ಒಂದೇ.

ಕೂಸಿಗೆ ಮಾತ್ರ ಅವಳು ಈ ತನಕ ಕಣ್ಣು ಕೂರಿಸಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂಗಡಿಯ ಯಜಮಾನ ಚಲುವರಾಜು ಹೋದ ತಿಂಗಳು ಬೆಂಗಳೂರಿಗೆ ಹೋಗಿ ಹೊಸ ಮಾನಿಟರ್ ತಂದಿದ್ದ. ಗೋಡೆಯ ಕಿಟಕಿಯಷ್ಟು ಅಗಲ. ಫೋಟೊ ತೆರೆದರೆ ರೆಪ್ಪೆಯ ಕೂದಲು, ಹಣೆಯ ಬೆವರು ಎಲ್ಲ ಎಣಿಸುವ ಹಾಗೆ ಕಾಣುತ್ತಿತ್ತು. ಬಂದವರೆಲ್ಲ ನಿಂತು ಬಾಯಿ ಬಿಟ್ಟು ನೋಡಿ ಹೋಗುತ್ತಿದ್ದರು. ಆದರೆ ಆ ಅಂಗಡಿಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತಿದ್ದುದು ಇಪ್ಪತ್ತು ವರ್ಷದ ಹಿಂದಿನ ಒಂದು ಸಾಫ್ಟ್‌ವೇರಿನಲ್ಲಿ ಮಾತ್ರ. ಅದು ಹೊಸ ಪರದೆಗೆ ಬಂದಿದ್ದೇ ತಡ, ಅದರ ಬಟನ್ನುಗಳೆಲ್ಲ ರಾಗಿ ಕಾಳಾದವು, ಮೆನುವಿನ ಸಾಲುಗಳು ಇರುವೆ ಸಾಲಾದವು. ಕುಸುಮ ಮೂಗು ತಾಗುವಷ್ಟು ಬಗ್ಗಿದರೂ ಒಂದು ಸಾಲು ಓದಲಾಗುತ್ತಿರಲಿಲ್ಲ.

ತನ್ನ ಕಣ್ಣೇ ಹೋಯಿತು ಎಂದುಕೊಂಡಳು ಅವಳು. ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅವಳ ತಾಯಿಗೆ ಇದ್ದುದೂ ಅದೇ. ಕೊನೆಗಾಲದಲ್ಲಿ ಆಕೆ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲನ್ನು ಬೆರಳಿನಿಂದ ತಡವುತ್ತಿದ್ದುದನ್ನು ಕುಸುಮ ಮರೆತಿರಲಿಲ್ಲ. ಚಲುವರಾಜು ಕೆಟ್ಟವನೇನಲ್ಲ, ಆದರೆ ಬಾಯಿ ಸಡಿಲ. ಪರದೆ ಸರಿಯಿಲ್ಲ ಎಂದರೆ ಅವನು ಏನನ್ನುತ್ತಾನೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು: “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ ಕಣಕ್ಕ.” ಅದು ಮಾತಿಗಾಯಿತು. ಆಮೇಲೆ? ಕಣ್ಣಿಲ್ಲದ ಹೆಂಗಸನ್ನು ಕಣ್ಣು ಕೂರಿಸುವ ಕೆಲಸಕ್ಕೆ ಯಾರು ಇಟ್ಟುಕೊಳ್ಳುತ್ತಾರೆ? ಗಂಡ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಮಗಳು ಗಗನ ಮದ್ದೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಿ.ಎಡ್. ಓದುತ್ತಿದ್ದಳು. ಹಾಗಾಗಿ ಕುಸುಮ ಬಾಯಿ ಬಿಡಲಿಲ್ಲ. ವರ್ಷಗಟ್ಟಲೆ ಅದೇ ಸಾಫ್ಟ್‌ವೇರಿನಲ್ಲಿ ಕೂತಿದ್ದ ಕೈಗೆ ಎಲ್ಲ ಗೊತ್ತಿತ್ತು. ಎಡ ಮೂಲೆಯಿಂದ ಇಷ್ಟು, ಮೇಲಿನಿಂದ ಇಷ್ಟು ಎಂದು ಕತ್ತಲೆ ಮನೆಯಲ್ಲಿ ನಡೆಯುವವರ ಹಾಗೆ ತಡವಿಕೊಂಡು ಒಂದು ತಿಂಗಳು ತಳ್ಳಿದಳು. ಯಾರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲವಲ್ಲ ಎಂಬ ಜಂಬವೂ ಒಂದಿಷ್ಟು ಇತ್ತು, ಅದನ್ನೇಕೆ ಮುಚ್ಚಿಡಬೇಕು.

ಶಶಿರೇಖಾಳ ಮದುವೆಯ ಫೋಟೊ ಬಂತು. ನಾಚಿಕೆಪಡದೆ ನೇರವಾಗಿ ನೋಡುವ ದೊಡ್ಡ ಕಣ್ಣುಗಳು. ಮಧ್ಯಾಹ್ನವೆಲ್ಲ ಕುಸುಮ ಕೂಸಿನ ಮುಖದ ನಡುಭಾಗವನ್ನು ಪರದೆ ತುಂಬ ಹಿಗ್ಗಿಸಿಕೊಂಡು ಕೂತಳು. ತಾಯಿಯ ಕಣ್ಣನ್ನು ಕಿರಿದು ಮಾಡಿದಳು, ಬಿಳಿಗೆ ಕೂಸುಗಳಿಗಿರುವ ತಿಳಿನೀಲಿ ಬೆರೆಸಿದಳು, ರೆಪ್ಪೆಯನ್ನು ಒಂದೊಂದಾಗಿ ಬರೆದಳು. ಪಾಪೆಯೊಳಗೆ ಕಿಟಕಿಯ ಬೆಳಕಿನ ಚುಕ್ಕಿ ಇಟ್ಟಾಗ ಕೂಸು ಥಟ್ಟನೆ ಅವಳನ್ನೇ ನೋಡಿತು. ಅವಳಿಗೆ ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿ ತಾನು ಯಾರಿಗೂ ಕೂರಿಸಿಲ್ಲ ಎನ್ನಿಸಿತು.

ಮೇಷ್ಟ್ರ ಮೊಬೈಲಿಗೆ ಒಂದು ಸಣ್ಣ ಮಾದರಿ ಕಳಿಸೋಣವೆಂದು ಚಿತ್ರವನ್ನು ಕುಗ್ಗಿಸಿದಳು. ಅಷ್ಟರಲ್ಲಿ ಚಲುವರಾಜು ಒಳಗೆ ಬಂದು, “ಲೇ ಕುಸುಮಕ್ಕ, ಸಂಜೆಗೆ ಫ್ಲೆಕ್ಸ್ ಏರ್ಬೇಕು ಕಣಮ್ಮ, ಹುಡುಗ್ರು ಕೇಕ್ ತಂದು ಮಡ್ಗವ್ರೆ,” ಎಂದು ಅವಸರ ಮಾಡಿದ. ಅವಳು ಮೆನುವಿಗೆ ಹೋದಳು. ಉಳಿಸುವ ಸಾಲಿನ ಕೆಳಗೇ ಬೇರೆ ಹೆಸರಿನಲ್ಲಿ ಉಳಿಸುವ ಸಾಲು. ಹಳೇ ಪರದೆಯಲ್ಲಿ ಎರಡರ ನಡುವೆ ಬೆರಳಗಲ ಜಾಗವಿತ್ತು. ಇದರಲ್ಲಿ ಕೂದಲೆಳೆ. ಬೇಕಿದ್ದುದು ಕೆಳಗಿನದು; ಕೈ ಮೇಲಿನದನ್ನು ಒತ್ತಿತು. ಒಂದು ಪೆಟ್ಟಿಗೆ ಮೂಡಿ ಇರುವೆ ಅಕ್ಷರದಲ್ಲಿ ಏನೋ ಕೇಳಿತು. ಯಾವಾಗಲೂ ಕೇಳುವುದೇ ಇರಬೇಕೆಂದು ಅವಳು ಎಂಟರ್ ಒತ್ತಿ, ಚಿತ್ರ ಮುಚ್ಚಿ, ಹುಟ್ಟುಹಬ್ಬದ ಫ್ಲೆಕ್ಸಿಗೆ ಕೂತಳು. ಮಾದರಿ ಕಳಿಸುವುದೂ ಮರೆತುಹೋಯಿತು.

ಮಾರನೆಯ ದಿನ ತೆರೆದರೆ ಆ ಕಿಟಕಿಯಗಲದ ಪರದೆಯ ನಟ್ಟನಡುವೆ ಹೆಬ್ಬೆರಳ ಉಗುರಿನಷ್ಟು ಒಂದು ಚಿತ್ರ ಕೂತಿತ್ತು.

ಅವಳು ಹಿಗ್ಗಿಸಿದಳು. ಮುಖ ಬಣ್ಣಬಣ್ಣದ ಚೌಕಗಳಾಗಿ ಒಡೆಯಿತು. ಮತ್ತೆ ಕುಗ್ಗಿಸಿ, ಮತ್ತೆ ಹಿಗ್ಗಿಸಿದಳು. ಎಲ್ಲ ಫೋಲ್ಡರನ್ನೂ ತಡಕಿದಳು, ಕಸದ ಬುಟ್ಟಿಯನ್ನೂ ಕೆದಕಿದಳು. ದೊಡ್ಡ ಚಿತ್ರ ಎಲ್ಲೂ ಇರಲಿಲ್ಲ. ಅದರ ಮೇಲೆಯೇ ಇದನ್ನು ಉಳಿಸಿಬಿಟ್ಟಿದ್ದಳು. ಮೇಷ್ಟ್ರ ಮೊಬೈಲಿನಿಂದ ಅಳಿಸಿದ್ದೂ ಇವಳದೇ ಬೆರಳು. ಹೂತ ಕೂಸನ್ನು ತಾನು ಇನ್ನೊಂದು ಸಲ ಹೂತೆ ಎನ್ನಿಸಿತು ಕುಸುಮಳಿಗೆ.

ಮೇಷ್ಟ್ರ ನಂಬರು ಒತ್ತಿದಳು. ರಿಂಗಾಗುವ ಮೊದಲೇ ಕತ್ತರಿಸಿದಳು. ಏನೆಂದು ಹೇಳುವುದು? ಓದಲಾಗದೆ ಒತ್ತಿಬಿಟ್ಟೆ ಎಂದರೆ, ಯಾಕೆ ಓದಲಾಗಲಿಲ್ಲ ಎಂದು ಕೇಳುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆ ತಾಯಿಯ ಜೀವ ಉಳಿಸಬೇಕಲ್ಲ, ಅವಳಿಗೋಸ್ಕರವಾದರೂ ಏನಾದರೂ ಮಾಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕರುಣೆ ಇರಲಿಲ್ಲವೆಂದಲ್ಲ. ಆದರೆ ಮುಂದೆ ಮಾಡಿದ್ದನ್ನು ಮಾಡಿಸಿದ್ದು ಭಯ; ಕರುಣೆ ಅದಕ್ಕೊಂದು ಸೆರಗು ಹೊದಿಸಿತು, ಅಷ್ಟೆ.

ಎರಡು ತಿಂಗಳ ಕೂಸುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ ಎಂದುಕೊಂಡಳು. ಮನೆಯ ಟ್ರಂಕಿನ ತಳದಲ್ಲಿ ಗಗನಳ ಫೋಟೊ ಇತ್ತು. ಬಾಣಂತಿ ಕೋಣೆಯಲ್ಲಿ, ಟವೆಲಿನಲ್ಲಿ ಸುತ್ತಿದ್ದು. ಕುಸುಮಳ ತಮ್ಮ ಯಾರ ಮಾತೂ ಕೇಳದೆ ರೀಲು ಹಾಕಿದ ಕ್ಯಾಮೆರಾದಲ್ಲಿ ತೆಗೆದಿದ್ದ. ಅದನ್ನು ಅಂಗಡಿಗೆ ತಂದು ಸ್ಕ್ಯಾನ್ ಮಾಡಿದಳು. ಉಗುರಗಲದ ಚಿತ್ರ ನೋಡಿಕೊಂಡು ಟವೆಲನ್ನು ಬಿಳಿ ಮಾಡಿದಳು, ಕೆನ್ನೆಗೆ ಬೊಟ್ಟು ಇಟ್ಟಳು, ಕೂದಲು ಸ್ವಲ್ಪ ಇಳಿಸಿದಳು. ಅಲ್ಲಿಯ ತನಕ ಕೆಲಸ ಸಲೀಸಾಗಿ ನಡೆಯಿತು. ಆಮೇಲೆ ಶಶಿರೇಖಾಳ ಕಣ್ಣು ಕೂರಿಸಬೇಕು. ಕೂರಿಸಬೇಕಾದರೆ ಅಲ್ಲಿ ಆಗಲೇ ಇರುವ ಕಣ್ಣನ್ನು ಅಳಿಸಬೇಕು.

ಗಗನ ಪರದೆಯಿಂದ ನಗುತ್ತ ನೋಡುತ್ತಿದ್ದಳು. ಕುಸುಮ ಅವಳ ಎಡಗಣ್ಣು ಅಳಿಸಿದಳು. ಎದ್ದು ಹೋಗಿ ನೀರು ಕುಡಿದು ಬಂದು ಬಲಗಣ್ಣು ಅಳಿಸಿದಳು.

ಸಂಜೆ ಮದ್ದೂರಿನ ಬಸ್ಸು ತಡವಾಯಿತು. ಕುಸುಮ ಅಂಗಡಿ ಬಿಟ್ಟು ಬಂದು ನಿಲ್ದಾಣದಲ್ಲಿ ನಿಂತಳು. ಬದುಕಿರುವ ಮಗಳ ಮುಖವನ್ನು ಸತ್ತವರ ಗೋಡೆಗೆ ಏರಿಸುತ್ತಿದ್ದೇನಲ್ಲ, ಹೂವು ಹಾಕುತ್ತಾರಲ್ಲ, ದೀಪ ಹಚ್ಚುತ್ತಾರಲ್ಲ ಎಂದುಕೊಳ್ಳುತ್ತ ಬರುವ ಬಸ್ಸನ್ನೆಲ್ಲ ಇಣುಕಿ ನೋಡುತ್ತಿದ್ದಳು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಳ್ಳುವವರಲ್ಲಿ ಅವಳೂ ಒಬ್ಬಳು. ಬಸ್ಸು ಬಂದು, ಗಗನ ಇಳಿದಿದ್ದೇ ಅವಳ ಎರಡೂ ತೋಳು ಹಿಡಿದುಕೊಂಡಳು.

“ಏನಮ್ಮ ಇದು, ನಾನೇನ್ ಕೂಸಾ? ಎಲ್ಲಾ ನೋಡ್ತಾವ್ರೆ, ಬುಡು,” ಎಂದು ಮಗಳು ಕೊಸರಿಕೊಂಡಳು.

ಶನಿವಾರ ಒಂದು ತಮಾಷೆ ನಡೆಯಿತು, ತಮಾಷೆ ಎನ್ನಬಹುದಾದರೆ. ಕುಸುಮ ಊಟಕ್ಕೆ ಹೋಗಿದ್ದಾಗ ಚಲುವರಾಜು ತಾನೇ ಕಂಪ್ಯೂಟರಿನ ಮುಂದೆ ಕೂತು ಗಿರಾಕಿಯೊಬ್ಬರ ಫ್ಲೆಕ್ಸು ತೆರೆಯಲು ಹೋಗಿ, ಕಣ್ಣು ಉಜ್ಜಿ ಉಜ್ಜಿ ಸೋತು, ಅವತ್ತು ಊರಿಗೇ ಬಂದಿದ್ದ ಮಂಡ್ಯದ ಸರ್ವಿಸಿನ ರಘುನಂದನನನ್ನು ಕರೆಸಿದ್ದ. ಅವಳು ಬರುವ ಹೊತ್ತಿಗೆ ಯಜಮಾನ ಕೂಗಾಡುತ್ತಿದ್ದ.

“ಏನ್ಲಾ ಇದು, ಅಷ್ಟು ದುಡ್ಡು ಸುರ್ದು ತಂದ್ರೆ ಒಂದಕ್ಷರ ಕಾಣಕ್ಕಿಲ್ವಲ್ಲೋ! ನಂಗೆ ಚಾಳೀಸ್ ಬಂತು ಅಂತ ಸುಮ್ನಿದ್ದೆ ಕಣ್ಲಾ ನಾನು.”

ರಘುನಂದನ್ ನಕ್ಕ. “ಯಾರಿಗೂ ಕಾಣಕ್ಕಿಲ್ಲ ಅಣ್ಣ. ನಂಗೂ ಕಾಣ್ತಿಲ್ಲ. ಪರದೆ ಸಣ್ಣ ಸಣ್ಣ ಚುಕ್ಕಿಯಿಂದ ಮಾಡಿರೋದು. ಹಳೇ ಕಾಲದ ಚುಕ್ಕಿ ದಪ್ಪ, ಈ ಪರದೆ ಚುಕ್ಕಿ ಸಾಸಿವೆಗಿಂತ ಸಣ್ಣ. ನಿಮ್ ಹಳೇ ಸಾಫ್ಟ್‌ವೇರು ಒಂದು ಬಟನ್ನಿಗೆ ಇಷ್ಟು ಚುಕ್ಕಿ ಅಂತ ಎಣಿಸಿ ಬರೀತದೆ. ಚುಕ್ಕಿನೇ ಸಣ್ಣ ಆದ್ರೆ ಬಟನ್ನು ಎಂಗೆ ದೊಡ್ದಾಗ್ತದೆ?”

ಸಾಫ್ಟ್‌ವೇರಿನ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ, ಒಳಗೆ ಎರಡು ಕಡೆ ಹೊಕ್ಕು, ಒಂದು ಚೌಕಕ್ಕೆ ಗುರುತು ಹಾಕಿ ಮತ್ತೆ ತೆರೆದ. ಮೆನುಗಳು, ಬಟನ್ನುಗಳು, ಎಲ್ಲವೂ ಹಳೇ ಪರದೆಯಲ್ಲಿದ್ದಷ್ಟು ದೊಡ್ಡದಾಗಿ ಬಂದು ನಿಂತವು. ಅಂಚು ಕೊಂಚ ಮಸುಕಾಗಿತ್ತು, ಆದರೆ ಮಾರು ದೂರದಿಂದ ಓದಬಹುದಿತ್ತು.

“ಇರೋದನ್ನೇ ಎಳೆದು ದೊಡ್ಡದ್ ಮಾಡ್ತದೆ, ಅದ್ಕೆ ಚಿತ್ರನೂ ಒಸಿ ಮಂಜಾಗ್ತದೆ. ಗುರುತು ತೆಗುದ್ರೆ ಮತ್ತೆ ಮೊದ್ಲಿನಂಗೆ ಸಣ್ಣ, ಆದ್ರೆ ಚೊಕ್ಕ. ಎರಡ್ರಲ್ಲಿ ಒಂದು, ಅಷ್ಟೇಯ,” ಎಂದು ಅವನು ಕುಸುಮಳ ಕಡೆ ತಿರುಗಿದ. “ಒಂದ್ ತಿಂಗ್ಳು ಎಂಗ್ ಕೆಲ್ಸ ಮಾಡುದ್ರಿ ಅಕ್ಕ ಇದ್ರಲ್ಲಿ? ಒಂದು ಮಾತು ಯೋಳಿದ್ರೆ ಎರಡ್ ನಿಮ್ಸದ ಕೆಲ್ಸ.”

ಕುಸುಮ ಗೋಡೆಯ ಕಡೆಗೆ ತಿರುಗಿದಳು. ಗೋಡೆಯ ಮೇಲೆ ಫ್ರೇಮು ಹಾಕಿ ಒಣಗಲು ಇಟ್ಟಿದ್ದ ಕೂಸು ಶಶಿರೇಖಾಳ ಕಣ್ಣಿನಿಂದ ಅವಳನ್ನು ನೋಡುತ್ತಿತ್ತು. ತನ್ನ ಕಣ್ಣು ಸರಿಯಾಗಿದೆ ಎಂದು ತಿಳಿದ ದಿನದಷ್ಟು ಕೆಟ್ಟ ದಿನವನ್ನು ಅವಳು ಕಂಡಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಭಾನುವಾರ ಬಂತು, ಗಂಡಹೆಂಡತಿಯೂ ಬಂದರು. ಚಲುವರಾಜು ಬಸರಾಳಿನ ಕಡೆ ಯಾವುದೋ ಫ್ಲೆಕ್ಸು ಕಟ್ಟಿಸಲು ಹೋಗಿದ್ದ. ಹೋಗುವ ಮೊದಲು, ಪಾಪ, ತನ್ನ ಮನಸ್ಸಿಗೆ ಬಂದ ಮರ್ಯಾದೆಯೆಂದು ಫ್ರೇಮಿಗೆ ಗಂಧದ ಚಕ್ಕೆಯ ಹಾರವೊಂದನ್ನು ಹಾಕಿದ್ದ. ಶಶಿರೇಖಾ ತೆಳ್ಳಗಿದ್ದಳು. ಮೈಮೇಲೆ ಬಾಣಂತಿಯ ಸ್ವೆಟರು, ತಲೆಗೆ ಕಟ್ಟಿದ ಬಟ್ಟೆ ಇನ್ನೂ ಹಾಗೇ ಇತ್ತು. ಬಿಚ್ಚು ಎಂದು ಯಾರೂ ಹೇಳಿರಲಿಲ್ಲವೇನೋ.

ಕುಸುಮ ಫ್ರೇಮನ್ನು ಕೌಂಟರಿನ ಮೇಲಿಟ್ಟಳು. ರವಿಚಂದ್ರ ನೋಡಿದ್ದೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. “ನೋಡು ಶಶಿ, ನೋಡು. ಕಣ್ ಬುಟ್ಟವ್ಳೆ. ನಮ್ ಪಾಪು ಕಣ್ ಬುಟ್ಟವ್ಳೆ.”

ಶಶಿರೇಖಾ ನೋಡಿದಳು. ಬಹಳ ಹೊತ್ತು ನೋಡಿದಳು. ಶಶಿರೇಖಾಳ ಬೆರಳು ನಿಧಾನವಾಗಿ ಗಾಜಿನ ಮೇಲೆ ಸರಿದು, ಕಣ್ಣಿನ ಬಳಿ ನಿಲ್ಲದೆ, ಕಿವಿಯ ಮೇಲೆ ಹೋಗಿ ನಿಂತಿತು.

“ಕಿವಿ ಮಡ್ಚ್ಕೊಂಡಿತ್ತು,” ಎಂದಳು.

ಎಷ್ಟೋ ದಿನದ ಮೇಲೆ ಕೇಳಿದ ದನಿಗೆ ರವಿಚಂದ್ರ ಬೆಚ್ಚಿ ತಲೆ ಎತ್ತಿದ. “ಏನಂದೆ?”

“ಬಲಗಿವಿ. ಮೇಲ್ಗಡೆ ಮಡ್ಚ್ಕೊಂಡಿತ್ತು. ಹಾಲು ಕುಡಿಸ್ವಾಗ ಬೆರಳಲ್ಲಿ ಬಿಡಿಸ್ತಿದ್ದೆ. ಬುಟ್ರೆ ಮತ್ತೆ ಮಡ್ಚ್ಕೊಳ್ಳೋದು.” ಅವಳು ಕುಸುಮಳನ್ನು ನೇರವಾಗಿ ನೋಡಿದಳು. ಫೋಟೊದಲ್ಲಿದ್ದ ಅದೇ ಕಣ್ಣು. “ಕಣ್ಣು ನಂದೇಯ. ಕೂಸು ನಂದಲ್ಲ. ಇದ್ಯಾರ್ ಕೂಸು?”

ಮಧ್ಯಾಹ್ನವೆಲ್ಲ ಹಿಗ್ಗಿಸಿಕೊಂಡು ಕೂತಾಗ ಕುಸುಮ ಬರೀ ಕಣ್ಣು ನೋಡಿದ್ದಳು, ಕಿವಿ ನೋಡಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದಳು. ಆ ಕಣ್ಣಿನೆದುರು ಸುಳ್ಳು ಬರಲಿಲ್ಲ.

“ನಂದು,” ಎಂದಳು. “ನನ್ ಮಗಳ್ದು.”

“ಬದುಕವ್ಳಾ?”

“ಬದುಕವ್ಳೆ. ಮದ್ದೂರ್ಗೋಯ್ತಾಳೆ, ಓದಕ್ಕೆ.”

ರವಿಚಂದ್ರನಿಗೆ ಏನು ನಡೆಯುತ್ತಿದೆ ಎಂದು ಇನ್ನೂ ತಿಳಿದಿರಲಿಲ್ಲ. ಶಶಿರೇಖಾ ಮಾತ್ರ ಫ್ರೇಮಿನಿಂದ ಗಂಧದ ಹಾರವನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಗಾಜಿನ ಮೇಲೆ ಎರಡೂ ಅಂಗೈ ಸವರಿ, ಆ ಕೈಗಳನ್ನು ತನ್ನ ಕಣತಲೆಗೆ ಒತ್ತಿ ದೃಷ್ಟಿ ತೆಗೆಯುವ ಹಾಗೆ ಲಟಲಟನೆ ಲಟಿಕೆ ಮುರಿದಳು. ಹತ್ತು ಬೆರಳೂ ಸದ್ದು ಮಾಡಿದವು, ಒಂದೂ ಸುಳ್ಳಾಗಲಿಲ್ಲ. “ಬದುಕಿರೋ ಮಗೀಗೆ ಇಂಗೆಲ್ಲ ಮಾಡ್ಬಾರ್ದು ಕಣಕ್ಕ,” ಎಂದು ಫ್ರೇಮನ್ನು ಬೋರಲು ಹಾಕಿದಳು. “ನನ್ ಕೂಸೆಲ್ಲಿ?”

ಕುಸುಮ ಎಲ್ಲವನ್ನೂ ಹೇಳಿದಳು. ಪರದೆ, ಇರುವೆ ಸಾಲು, ಅಮ್ಮನ ಸಕ್ಕರೆ ಕಾಯಿಲೆ, ಒತ್ತಿದ ಎಂಟರ್. ಹೇಳುತ್ತ ಹೋದ ಹಾಗೆ ಅದೆಲ್ಲ ಎಷ್ಟು ಸಣ್ಣ ಕಾರಣ ಎನ್ನಿಸಿತು. ರವಿಚಂದ್ರ ಒಂದು ಹೆಜ್ಜೆ ಮುಂದೆ ಬಂದ. ಕೈ ಎತ್ತಿದನೇನೋ ಎನ್ನಿಸಿತು. “ಓದಕ್ಕಾಗಕ್ಕಿಲ್ಲ ಅಂತ ಒಂದು ಮಾತು… ಒಂದು ಮಾತು ಯೋಳಕ್ಕೆ ಏನಾಗಿತ್ರಿ ನಿಮ್ಗೆ?” ಎಂದ. ಮುಂದೆ ಏನೋ ಹೇಳಹೋದವನು ಹೆಂಡತಿಯ ಮುಖ ನೋಡಿ, ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಸಿದು ಕೂತ. “ಅಳಿಸ್ಬುಡಿ ಅಂದೋನು ನಾನೇಯ. ಫೋಟೊ ತೆಗೀಬ್ಯಾಡಿ ಅಂದ್ರೆ ಊ ಅಂದೋನೂ ನಾನೇಯ.”

“ಚಿಕ್ಕದಾದ್ರೂ ಐತಲ್ಲ, ತೋರ್ಸಿ,” ಎಂದಳು ಶಶಿರೇಖಾ.

ಕುಸುಮ ತೆರೆದಳು. ರಘುನಂದನ್ ಹಿಗ್ಗಿಸಿಟ್ಟಿದ್ದ ಪರದೆಯಲ್ಲಿ ಉಗುರು ಎರಡು ಉಗುರಾಗಿತ್ತು, ಆದರೆ ಮಂಜಿನೊಳಗಿಂದ ಇಣುಕಿದ ಹಾಗೆ. ಬೊಟ್ಟು ಕರಗಿ ಕೆನ್ನೆಗೆ ಹರಡಿತ್ತು. ಕಿವಿ ಇದ್ದ ಕಡೆ ಬರೀ ಒಂದು ಕಂದು ಕಲೆ.

“ಕಾಣ್ತಿಲ್ಲ.”

“ಇರಿ,” ಎಂದು ಕುಸುಮ ಎಲ್ಲ ಮುಚ್ಚಿದಳು. ರಘುನಂದನ್ ಹೋದ ದಾರಿಯಲ್ಲೇ ಒಳಗೆ ಹೊಕ್ಕು, ಅವನು ಹಾಕಿದ್ದ ಗುರುತು ತೆಗೆದು ಮತ್ತೆ ತೆರೆದಳು. ಬಟನ್ನುಗಳು ರಾಗಿ ಕಾಳಾದವು, ಅಕ್ಷರಗಳು ಇರುವೆಗಳಾಗಿ ಮೂಲೆಗೆ ಸರಿದವು. ಅಗಲವಾದ ಬೂದು ಬಯಲಿನ ನಡುವೆ ಹೆಬ್ಬೆರಳ ಉಗುರಿನಷ್ಟೇ ಮುಖ ಉಳಿಯಿತು. ಅದು ಚೊಕ್ಕವಾಗಿತ್ತು. ಬಿಳಿ ಟವೆಲಿನ ಅಂಚು, ಬೊಟ್ಟು, ತೆರೆದ ಕಣ್ಣು, ಕಣ್ಣೊಳಗಿನ ಬೆಳಕು. ಬಲಗಿವಿಯ ಮೇಲುತುದಿ ಒಳಕ್ಕೆ ಮಡಚಿಕೊಂಡಿತ್ತು.

ಶಶಿರೇಖಾ ಕೌಂಟರ್ ದಾಟಿ ಒಳಗೆ ಬಂದಳು. ಬಗ್ಗಿ, ಇನ್ನೂ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋದಳು. ಅವಳ ಉಸಿರಿಗೆ ಪರದೆ ಮಬ್ಬಾಯಿತು. ಸೆರಗಿನಿಂದ ಒರೆಸಿ ಮತ್ತೆ ಬಗ್ಗಿದಳು.

“ಒಸಿ ದೊಡ್ಡದ್ ಮಾಡಿ ಅಕ್ಕ,” ಎಂದ ರವಿಚಂದ್ರ ಹಿಂದಿನಿಂದ.

“ಬ್ಯಾಡ,” ಎಂದಳು ಶಶಿರೇಖಾ. “ಅಷ್ಟೇ ಇರ್ಲಿ.”

ಹೊರಗೆ ಕಂಡಕ್ಟರೊಬ್ಬ ಹಲಗೂರು, ಹಲಗೂರು ಎಂದು ಕೂಗಿ ಬಸ್ಸಿನ ಮೈ ತಟ್ಟಿದ. ಬಸ್ಸು ಹೊರಟಿತು. ಯಾರೂ ಅಲುಗಲಿಲ್ಲ. ಶಶಿರೇಖಾ ತೋರುಬೆರಳನ್ನು ಚಾಚಿ, ಮಡಚಿದ ಕಿವಿಯನ್ನು ಬಿಡಿಸಲೆಂಬಂತೆ ಮುಂದೆ ತಂದಳು. ತಂದರೆ ಬೆರಳ ತುದಿಗೇ ಮುಖವೆಲ್ಲ ಮುಚ್ಚಿಹೋಗುತ್ತಿತ್ತು. ಬೆರಳನ್ನು ಒಂದಿಷ್ಟು ಹಿಂದೆ ತೆಗೆದು, ಗಾಜಿಗೆ ತಾಗಿಸದೆ, ಹಾಗೇ ಹಿಡಿದುಕೊಂಡು ನಿಂತಳು.